ಕ್ರಿಕೆಟ್‌ನ ಮೂರು ಮಾದರಿಗಳು: ಲಾಭ ಎಲ್ಲಿ, ಬಂಡವಾಳ ಎಲ್ಲಿ?

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಸೇರುವ ಲಕ್ಷಾಂತರ ಜನ ಕಾಯುವುದು ಒಂದೇ ಒಂದು ಸಾಲಿಗಾಗಿ. ಉಪವಾಸ ವ್ರತ ಹಿಡಿದ ಗೊರವಯ್ಯನವರು ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎಂದೊಡನೆ ಜನಸ್ತೋಮ ಸ್ತಬ್ಧವಾಗುತ್ತದೆ. ಕೆಲವೇ ಪದಗಳ ಕಾರ್ಣಿಕ ಹೊರಬೀಳುತ್ತದೆ. ಬರುವ ವರ್ಷದ ಮಳೆ, ಬೆಳೆ, ಪೇಟೆ ಧಾರಣೆಗಳನ್ನು ಆ ಸಾಲಿನಿಂದ ಅರ್ಥೈಸಿಕೊಳ್ಳುವ ರೂಢಿ ಈ ಭಾಗದ ರೈತರಲ್ಲಿಯೂ ಇದೆ, ವರ್ತಕರಲ್ಲಿಯೂ ಇದೆ. ನುಡಿ ಕ್ಷಣಮಾತ್ರದ್ದು, ಅದರ ಹಿಂದಿನ ವ್ರತ ಹಲವು ದಿನಗಳದ್ದು. ವ್ರತವಿಲ್ಲದ ಗೊರವಯ್ಯ ಬಿಲ್ಲನ್ನೇರಿದರೆ ಆ ನುಡಿಗೆ ಯಾರೂ ಕಿವಿಗೊಡಲಾರರು.

ಭಾರತದ ಕ್ರಿಕೆಟ್ ಇಂದು ಇಂಥದೇ ಒಂದು ಪ್ರಶ್ನೆಯ ಮುಂದೆ ನಿಂತಿದೆ. ಐದು ದಿನಗಳ ಟೆಸ್ಟ್, ಒಂದು ದಿನದ ಐವತ್ತು ಓವರು, ಮೂರು ಗಂಟೆಗಳ ಇಪ್ಪತ್ತು ಓವರು ಎಂಬ ಮೂರು ಮಾದರಿಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬ ಚರ್ಚೆ ಎಲ್ಲೆಡೆ ನಡೆದಿದೆ. ಈ ಚರ್ಚೆಯನ್ನು ಅಭಿರುಚಿಯ ವಿಷಯವೆಂದು ಬಿಟ್ಟುಬಿಡುವಂತಿಲ್ಲ. ಇದು ಮೂಲತಃ ಹಣ ಎಲ್ಲಿ ಹುಟ್ಟುತ್ತದೆ, ಎಲ್ಲಿ ವಿನಿಯೋಗವಾಗುತ್ತದೆ ಎಂಬ ವ್ಯಾಪಾರದ ಪ್ರಶ್ನೆ. ಸುಗ್ಗಿ ಮುಗಿದ ಬಳಿಕ ಹಡಗಲಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹರಪನಹಳ್ಳಿ ಸುತ್ತಿನ ಊರುಗಳಲ್ಲಿ ನಡೆಯುವ ಟೆನಿಸ್ ಚೆಂಡಿನ ಪಂದ್ಯಾವಳಿಗಳಿಗೆ ಬಹುಮಾನದ ಹಣ, ಟ್ರೋಫಿ, ಸಮವಸ್ತ್ರ, ಶಾಮಿಯಾನ, ಊಟದ ವೆಚ್ಚ ಕೊಡುವವರು ವರ್ತಕರು ಮತ್ತು ಸಣ್ಣ ಉದ್ದಿಮೆದಾರರೇ ಆಗಿರುವುದರಿಂದ, ಈ ಪ್ರಶ್ನೆ ಅವರ ಗಲ್ಲಾಪೆಟ್ಟಿಗೆಯವರೆಗೂ ಬಂದು ನಿಂತಿದೆ.

ಮಾರುಕಟ್ಟೆ ಹುಟ್ಟಿಸಿದ ಮಾದರಿಗಳು

ಕಿರು ಮಾದರಿಯನ್ನು ಕ್ರಿಕೆಟ್‌ಗೆ ಬಂದ ಕೇಡು ಎಂದು ಹಳಿಯುವವರು ಆಟದ ಇತಿಹಾಸವನ್ನು ಮರೆಯುತ್ತಾರೆ. 1877ರಲ್ಲಿ ಮೆಲ್ಬರ್ನ್‌ನಲ್ಲಿ ಮೊದಲ ಟೆಸ್ಟ್ ನಡೆಯಿತು. ಅದೇ ಊರಿನಲ್ಲಿ 1971ರ ಜನವರಿಯಲ್ಲಿ ಟೆಸ್ಟ್ ಪಂದ್ಯವೊಂದು ಮಳೆಗೆ ಕೊಚ್ಚಿಹೋದಾಗ, ಕಾದಿದ್ದ ಜನರಿಗಾಗಿ ಏರ್ಪಡಿಸಿದ ನಲವತ್ತು ಓವರುಗಳ ಆಟವೇ ಮೊದಲ ಅಂತರರಾಷ್ಟ್ರೀಯ ಏಕದಿನ ಪಂದ್ಯವಾಯಿತು. 1975ರ ಮೊದಲ ವಿಶ್ವಕಪ್ ಅರವತ್ತು ಓವರುಗಳದ್ದು. 1983ರಲ್ಲಿ ಭಾರತ ಗೆದ್ದದ್ದೂ ಅರವತ್ತು ಓವರುಗಳ ಆಟವನ್ನೇ. 1987ರಲ್ಲಿ ವಿಶ್ವಕಪ್ ಭಾರತ ಉಪಖಂಡಕ್ಕೆ ಬಂದಾಗ, ಇಲ್ಲಿ ಹಗಲು ಬೆಳಕಿನ ಅವಧಿ ಕಡಿಮೆಯಿದ್ದುದರಿಂದ, ಅದು ಐವತ್ತು ಓವರಿಗೆ ಇಳಿಯಿತು. ಕೌಂಟಿ ಪಂದ್ಯಗಳಿಗೆ ಪ್ರೇಕ್ಷಕರು ಕಡಿಮೆಯಾಗುತ್ತಿರುವುದನ್ನು ಕಂಡ ಇಂಗ್ಲೆಂಡ್‌ನ ಮಂಡಳಿ 2003ರಲ್ಲಿ ಇಪ್ಪತ್ತು ಓವರುಗಳ ಆಟವನ್ನು ಆರಂಭಿಸಿತು. ಗಿರಾಕಿಯ ಬಿಡುವಿನ ವೇಳೆಗೆ ತಕ್ಕಂತೆ ಸರಕಿನ ಅಳತೆಯನ್ನು ಬದಲಿಸುವುದು ವ್ಯಾಪಾರಕ್ಕೆ ಹೊಸತಲ್ಲ, ಕ್ರಿಕೆಟ್‌ಗೂ ಹೊಸತಲ್ಲ.

2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಆರಂಭವಾದ ಮೇಲೆ ಈ ಪೇಟೆಯ ಗಾತ್ರವೇ ಬದಲಾಯಿತು. 2023ರಿಂದ 2027ರವರೆಗಿನ ಐದು ವರ್ಷಗಳಿಗೆ ಐಪಿಎಲ್ ಪ್ರಸಾರ ಹಕ್ಕು ಮಾರಾಟವಾದ ಮೊತ್ತ 48,390 ಕೋಟಿ ರೂಪಾಯಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಮರಳುತ್ತಿರುವುದೂ ಇಪ್ಪತ್ತು ಓವರುಗಳ ರೂಪದಲ್ಲಿಯೇ. ಆದ್ದರಿಂದ ಕಿರು ಮಾದರಿಯ ಭವಿಷ್ಯದ ಬಗೆಗೆ ಯಾರೂ ಚಿಂತಿಸಬೇಕಾಗಿಲ್ಲ. ಚಿಂತಿಸಬೇಕಾದುದು, ಅದರ ಗಳಿಕೆಯ ಎಷ್ಟು ಪಾಲು ಆಟದ ಬುಡಕ್ಕೆ ಮರಳುತ್ತಿದೆ ಎಂಬುದನ್ನು.

ಹೂವು ಮತ್ತು ಗಿಡ

ಭೌಗೋಳಿಕ ಗುರುತು ಪಡೆದ ಹಡಗಲಿ ಮಲ್ಲಿಗೆಯ ವ್ಯಾಪಾರಿಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ಬಿಡಿಸಿದ ಹೂವು ಅಂದೇ ಪೇಟೆ ಸೇರಬೇಕು. ಮರುದಿನ ಅದಕ್ಕೆ ಬೆಲೆಯಿಲ್ಲ. ಗಿಡದ ಲೆಕ್ಕ ಬೇರೆ. ನೆಟ್ಟ ಮೇಲೆ ಕಾಯಬೇಕು. ಸವರಿ, ಗೊಬ್ಬರ ಹಾಕಿ, ನೀರು ಹರಿಸಿ ವರ್ಷಗಟ್ಟಲೆ ಸಾಕಬೇಕು. ಹೂವಿನ ಹಣವನ್ನೆಲ್ಲ ಮನೆಗೆ ಒಯ್ದು ಗಿಡವನ್ನು ಮರೆತವನಿಗೆ ಮುಂದಿನ ಹಂಗಾಮಿನಲ್ಲಿ ಪೇಟೆಗೆ ತರಲು ಏನೂ ಇರದು. ಇಪ್ಪತ್ತು ಓವರುಗಳ ಆಟ ಸಂಜೆಯ ಹೂವು. ನಾಲ್ಕು ಮತ್ತು ಐದು ದಿನಗಳ ಆಟ ಗಿಡ.

ಈ ಹೋಲಿಕೆಗೆ ಕರ್ನಾಟಕದ ಆಟಗಾರರ ದಾಖಲೆಯೇ ಆಧಾರ. 2008ರಲ್ಲಿ ಟೆಸ್ಟ್ ಆಟದಿಂದ ನಿವೃತ್ತರಾದ ಅನಿಲ್ ಕುಂಬ್ಳೆ, 2009ರ ಐಪಿಎಲ್ ಪಂದ್ಯವೊಂದರಲ್ಲಿ ರಾಜಸ್ಥಾನ ರಾಯಲ್ಸ್ ವಿರುದ್ಧ ಕೇವಲ 5 ರನ್ ನೀಡಿ 5 ವಿಕೆಟ್ ಪಡೆದರು. 619 ಟೆಸ್ಟ್ ವಿಕೆಟ್‌ಗಳ ಹಿಂದಿನ ದುಡಿಮೆ ಆ ಕೆಲವು ಓವರುಗಳಲ್ಲಿ ಕೆಲಸಕ್ಕೆ ಬಂದಿತ್ತು. ಇತ್ತೀಚಿನ ಉದಾಹರಣೆ ಪ್ರಸಿದ್ಧ ಕೃಷ್ಣ ಅವರದು. 2025ರ ಐಪಿಎಲ್‌ನಲ್ಲಿ ಅತಿ ಹೆಚ್ಚು, ಅಂದರೆ 25 ವಿಕೆಟ್ ಪಡೆದ ಅವರೇ, ಅದೇ ವರ್ಷದ ಆಗಸ್ಟ್‌ನಲ್ಲಿ ಲಂಡನ್‌ನ ಓವಲ್ ಮೈದಾನದಲ್ಲಿ ಭಾರತ 6 ರನ್‌ಗಳಿಂದ ಗೆದ್ದ ಟೆಸ್ಟ್‌ನ ಎರಡೂ ಇನಿಂಗ್ಸ್‌ಗಳಲ್ಲಿ ತಲಾ 4 ವಿಕೆಟ್ ಕಿತ್ತರು. ಆ ಸರಣಿಯ ಐದೂ ಪಂದ್ಯಗಳು ಐದನೆಯ ದಿನದವರೆಗೆ ನಡೆದವು. ದೀರ್ಘ ಆಟಕ್ಕೆ ನೋಡುಗರಿಲ್ಲ ಎಂಬ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಐವತ್ತು ಓವರುಗಳ ಆಟಕ್ಕೆ ಕಾಲ ಮುಗಿಯಿತು ಎಂದವರಿಗೂ 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಉತ್ತರ ದೊರೆಯಿತು. ಭಾರತದ ಮಹಿಳೆಯರು ಮೊದಲ ಬಾರಿಗೆ ಗೆದ್ದ ಆ ವಿಶ್ವಕಪ್ ಏಕದಿನ ಮಾದರಿಯದೇ.

ಖಾತೆಯ ಇನ್ನೊಂದು ಪುಟ

ಆದರೆ ಖಾತೆಯ ಇನ್ನೊಂದು ಪುಟವನ್ನೂ ತೆರೆಯಬೇಕಾಗಿದೆ. 2024ರ ಅಕ್ಟೋಬರ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನ್ಯೂಜಿಲೆಂಡ್ ವಿರುದ್ಧ ಭಾರತ 46 ರನ್‌ಗಳಿಗೆ ಪತನವಾಯಿತು. ತಾಯ್ನೆಲದ ಟೆಸ್ಟ್‌ಗಳಲ್ಲಿ ಭಾರತದ ಅತಿ ಕಡಿಮೆ ಮೊತ್ತ ಅದು. ಸರಣಿಯನ್ನು 0-3ರಿಂದ ಕಳೆದುಕೊಂಡ ಒಂದು ವರ್ಷದ ಬಳಿಕ ದಕ್ಷಿಣ ಆಫ್ರಿಕವೂ ಇಲ್ಲಿಗೆ ಬಂದು 2-0ರಿಂದ ಗೆದ್ದು ಹೋಯಿತು. ಎರಡು ಬಾರಿ, 2012 ಮತ್ತು 2016ರಲ್ಲಿ, ಟಿ-20 ವಿಶ್ವಕಪ್ ಗೆದ್ದ ವೆಸ್ಟ್ ಇಂಡೀಸ್ 2025ರ ಜುಲೈನಲ್ಲಿ ಟೆಸ್ಟ್ ಇನಿಂಗ್ಸ್ ಒಂದರಲ್ಲಿ 27 ರನ್‌ಗಳಿಗೆ ಆಲೌಟ್ ಆಯಿತು. ಅಲ್ಲಿನ ಆಟಗಾರರಲ್ಲಿ ಪ್ರತಿಭೆಯ ಕೊರತೆ ಎಂದೂ ಇರಲಿಲ್ಲ. ದಿನವಿಡೀ ನಿಂತು ಆಡುವ ಅಭ್ಯಾಸವನ್ನು ಪೋಷಿಸುವ ಹಣ ಮತ್ತು ವ್ಯವಸ್ಥೆ ಸೊರಗಿದ್ದವು.

ಕರ್ನಾಟಕದ ಲೆಕ್ಕವೂ ಗಮನಾರ್ಹವಾಗಿದೆ. 1973-74ರಲ್ಲಿ ಎರಪಳ್ಳಿ ಪ್ರಸನ್ನ ಅವರ ನಾಯಕತ್ವದಲ್ಲಿ ಕರ್ನಾಟಕ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಾಗ, ಸತತ 15 ವರ್ಷ ಆ ಪ್ರಶಸ್ತಿಯನ್ನು ಕೈಯಲ್ಲಿಟ್ಟುಕೊಂಡಿದ್ದ ಮುಂಬಯಿಯ ಏಕಸ್ವಾಮ್ಯ ಮುರಿದಿತ್ತು. ಅಂದಿನಿಂದ 2014-15ರವರೆಗೆ ರಾಜ್ಯ ಎಂಟು ಬಾರಿ ಆ ಟ್ರೋಫಿಯನ್ನು ತಂದಿತು. ಅನಂತರದ ಹತ್ತು ವರ್ಷಗಳಲ್ಲಿ, ಅಂದರೆ 2024-25ರವರೆಗೆ, ಅದು ರಾಜ್ಯಕ್ಕೆ ಮರಳಲಿಲ್ಲ. ಇದೇ ಅವಧಿಯಲ್ಲಿ ಐವತ್ತು ಓವರುಗಳ ವಿಜಯ್ ಹಜಾರೆ ಟ್ರೋಫಿಯನ್ನು ಮೂರು ಬಾರಿ, ಇಪ್ಪತ್ತು ಓವರುಗಳ ಸೈಯದ್ ಮುಷ್ತಾಕ್ ಅಲಿ ಟ್ರೋಫಿಯನ್ನು ಎರಡು ಬಾರಿ ಕರ್ನಾಟಕ ಗೆದ್ದಿದೆ. ಇದಕ್ಕೆ ಕಾರಣ ಒಂದೇ ಎನ್ನಲಾಗದು. ಇತರ ರಾಜ್ಯಗಳೂ ಬಲಗೊಂಡಿವೆ. ಆದರೂ ಯಾವ ಸರಕು ಹೆಚ್ಚು ತಯಾರಾಗುತ್ತಿದೆ, ಯಾವುದರ ಉತ್ಪಾದನೆ ಇಳಿದಿದೆ ಎಂಬುದನ್ನು ಯಾವ ಕಾರ್ಖಾನೆಯ ಮಾಲೀಕನಾದರೂ ಈ ಅಂಕಿಗಳಿಂದ ಗುರುತಿಸಬಲ್ಲ.

ಕೂಲಿಯ ಲೆಕ್ಕವನ್ನು ನೋಡಿದರೆ ಯುವಕರನ್ನು ದೂಷಿಸಲಾಗದು. 2021ರಲ್ಲಿ ಪರಿಷ್ಕರಿಸಿದ ದರದಂತೆ, ನಲವತ್ತಕ್ಕೂ ಹೆಚ್ಚು ಪಂದ್ಯಗಳನ್ನಾಡಿದ ಹಿರಿಯ ರಣಜಿ ಆಟಗಾರನಿಗೆ ದಿನಕ್ಕೆ 60,000 ರೂಪಾಯಿ. ನಾಲ್ಕು ದಿನಗಳ ಒಂದು ಪಂದ್ಯಕ್ಕೆ 2.40 ಲಕ್ಷ, ಏಳು ಲೀಗ್ ಪಂದ್ಯಗಳನ್ನೂ ಆಡಿದರೆ 16.80 ಲಕ್ಷ. ಐಪಿಎಲ್‌ನ 2025ರ ಹರಾಜಿನಲ್ಲಿ ಅತಿ ಕಡಿಮೆ ಮೂಲಬೆಲೆಯೇ 30 ಲಕ್ಷ. ಒಂದೂ ಪಂದ್ಯವಾಡದೆ ತಂಡದೊಂದಿಗೆ ಎರಡು ತಿಂಗಳು ಕುಳಿತ ಹುಡುಗನಿಗೆ, ಇಡೀ ಋತು ಬಿಸಿಲಿನಲ್ಲಿ ದುಡಿದ ಹಿರಿಯನಿಗಿಂತ ಹೆಚ್ಚು ಹಣ ದೊರೆಯುತ್ತದೆ. ಹೀಗಿರುವಾಗ ತಾಳ್ಮೆಯ ಆಟವನ್ನು ಕಲಿಯೆಂದು ಯಾವ ತಂದೆಯಾದರೂ ಮಗನಿಗೆ ಹೇಗೆ ಹೇಳಿಯಾನು?

ಮಂಡಳಿ ಇದನ್ನು ಅರಿಯದೆ ಇಲ್ಲ. ಅಂತರರಾಷ್ಟ್ರೀಯ ಮಟ್ಟದಲ್ಲಿ ಅದು ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ-20ಗೆ 3 ಲಕ್ಷ ರೂಪಾಯಿ ಶುಲ್ಕ ನೀಡುತ್ತ ಬಂದಿದೆ. 2024ರ ಮಾರ್ಚ್‌ನಲ್ಲಿ ಪ್ರಕಟಿಸಿದ ಪ್ರೋತ್ಸಾಹ ಯೋಜನೆಯಂತೆ, ಒಂದು ಋತುವಿನ ಮುಕ್ಕಾಲು ಪಾಲು ಟೆಸ್ಟ್‌ಗಳನ್ನಾಡಿದವರಿಗೆ ಪ್ರತಿ ಪಂದ್ಯಕ್ಕೆ ಹೆಚ್ಚುವರಿಯಾಗಿ 45 ಲಕ್ಷ ರೂಪಾಯಿ. ವೇಗದ ಸರಕಿನ ಲಾಭದಿಂದ ನಿಧಾನದ ಸರಕನ್ನು ಸಾಕುವ ಈ ಕ್ರಮ ಸರಿಯಾದುದು. ಆದರೆ ಇದರಿಂದ ನೀರು ದೊರೆತದ್ದು ಗಿಡದ ತುದಿಗೆ ಮಾತ್ರ. ಬೇರು ಇರುವುದು ರಣಜಿಯಲ್ಲಿ, ಅದಕ್ಕೂ ಕೆಳಗೆ ಜಿಲ್ಲೆ ಮತ್ತು ತಾಲ್ಲೂಕುಗಳಲ್ಲಿ.

ನೆರೆಯ ಊರುಗಳ ಪಾಠ

ತುಂಗಭದ್ರೆಯ ಆಚೆಗಿನ ಗದಗದ ಸುನಿಲ್ ಜೋಶಿ ಬಾಲ್ಯದಲ್ಲಿ ಅಭ್ಯಾಸಕ್ಕೆಂದು ಬೆಳಗಿನ ಜಾವವೇ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಊರಿಗೆ ಹಿಂದಿರುಗುತ್ತಿದ್ದರು. 1995-96ರಲ್ಲಿ ಕರ್ನಾಟಕ ರಣಜಿ ಗೆದ್ದಾಗ ಅದೇ ಋತುವಿನಲ್ಲಿ 500ಕ್ಕೂ ಹೆಚ್ಚು ರನ್ ಗಳಿಸಿ 50ಕ್ಕೂ ಹೆಚ್ಚು ವಿಕೆಟ್ ಪಡೆದ ಆಟಗಾರ ಅವರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಏಕದಿನ ಪಂದ್ಯದಲ್ಲಿ ಅವರು ಹತ್ತು ಓವರುಗಳಲ್ಲಿ 6 ರನ್ ಮಾತ್ರ ಕೊಟ್ಟು 5 ವಿಕೆಟ್ ಪಡೆದುದನ್ನು ಕ್ರಿಕೆಟ್ ಪ್ರಿಯರು ಇಂದಿಗೂ ನೆನೆಯುತ್ತಾರೆ. ಕಿರು ಆಟದ ಆ ಯಶಸ್ಸು ತಯಾರಾದದ್ದು ದೀರ್ಘ ಆಟದ ಕಮ್ಮಟದಲ್ಲಿ.

ಈಚೆ ಬದಿಯ ದಾವಣಗೆರೆಯ ವಿನಯ್ ಕುಮಾರ್ 2013-14 ಮತ್ತು 2014-15ರಲ್ಲಿ ಸತತವಾಗಿ ರಣಜಿ ಗೆದ್ದ ತಂಡದ ನಾಯಕರು. ರಣಜಿಯಲ್ಲಿ 400ಕ್ಕೂ ಹೆಚ್ಚು ವಿಕೆಟ್ ಪಡೆದ ಅವರು ಐಪಿಎಲ್‌ನಲ್ಲಿಯೂ 100ರ ಗಡಿ ದಾಟಿದರು. 1997ರಿಂದ 2018ರವರೆಗೆ ದಾವಣಗೆರೆ ಜಿಲ್ಲೆಯಲ್ಲಿಯೇ ಇದ್ದ ಹರಪನಹಳ್ಳಿಯ ಹುಡುಗರಿಗೆ ಅವರು ದೂರದವರೇನಲ್ಲ. ಗದಗ ಮತ್ತು ದಾವಣಗೆರೆಗಳಿಂದ ಅಂಥವರು ಬಂದಿರುವಾಗ, ಎರಡರ ನಡುವಿನ ಈ ಐದು ತಾಲ್ಲೂಕುಗಳಿಂದ ಏಕೆ ಬರಬಾರದು ಎಂಬ ಪ್ರಶ್ನೆ ಸಹಜವಾದುದು.

ಉತ್ತರ ಏಣಿಯ ರಚನೆಯಲ್ಲಿದೆ. ದೇಶದ ತಂಡಕ್ಕೆ ಏರುವ ಮೆಟ್ಟಿಲುಗಳೆಂದರೆ ಹದಿನಾರರೊಳಗಿನವರ ವಿಜಯ್ ಮರ್ಚಂಟ್ ಟ್ರೋಫಿ, ಹತ್ತೊಂಬತ್ತರೊಳಗಿನವರ ಕೂಚ್ ಬಿಹಾರ್ ಟ್ರೋಫಿ, ಇಪ್ಪತ್ತಮೂರರೊಳಗಿನವರ ಸಿ.ಕೆ. ನಾಯ್ಡು ಟ್ರೋಫಿ, ಬಳಿಕ ರಣಜಿ. ಇವೆಲ್ಲವೂ ತೊಗಲು ಚೆಂಡಿನ, ಮೂರು ಅಥವಾ ನಾಲ್ಕು ದಿನಗಳ ಪಂದ್ಯಗಳು. ಆರು ಓವರುಗಳ ಟೆನಿಸ್ ಚೆಂಡಿನ ಆಟದಲ್ಲಿ ಹತ್ತು ಸಿಕ್ಸರ್ ಹೊಡೆದ ಹುಡುಗ ತನ್ನ ಊರಿನಲ್ಲಿ ಎಷ್ಟೇ ಹೆಸರು ಮಾಡಿದ್ದರೂ, ತೊಗಲು ಚೆಂಡು ಸ್ವಿಂಗ್ ಆಗುವುದನ್ನು ಮೊದಲ ಬಾರಿಗೆ ಆಯ್ಕೆಯ ದಿನವೇ ಕಂಡರೆ ಹಿಂದಿರುಗುವುದು ಖಾತ್ರಿ. ಅವನಲ್ಲಿ ಇಲ್ಲದ್ದು ಪ್ರತಿಭೆಯಲ್ಲ. ಬೇಕಾದ ಅಭ್ಯಾಸವನ್ನು ಅವನ ಊರು ಅವನಿಗೆ ಒದಗಿಸಿರಲಿಲ್ಲ, ಅಷ್ಟೆ.

ಪತ್ತು ಕಳೆದುಕೊಂಡ ಪೇಟೆ

ಬೇಗ ಕೈಗೆ ಬರುವ ಹಣಕ್ಕೆ ಅದರದೇ ಅಪಾಯಗಳಿವೆ. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗ್ ಜಿಲ್ಲೆಗಳ ಹೆಸರಿನಲ್ಲಿ ತಂಡ ಕಟ್ಟಿ ಹುರುಪು ತಂದಿತ್ತು; 2019ರ ಅಂತಿಮ ಪಂದ್ಯಕ್ಕೆ ಬಳ್ಳಾರಿ ಟಸ್ಕರ್ಸ್ ತಂಡವೂ ತಲುಪಿತ್ತು. ಅದೇ ವರ್ಷ ಫಿಕ್ಸಿಂಗ್ ಆರೋಪಗಳು ಮತ್ತು ಬಂಧನಗಳು ನಡೆದ ಮೇಲೆ ಲೀಗ್ ನಿಂತುಹೋಯಿತು. 2022ರಲ್ಲಿ ಮಹಾರಾಜ ಟ್ರೋಫಿಯೆಂಬ ಹೊಸ ಹೆಸರಿನಲ್ಲಿ ಆರು ತಂಡಗಳೊಂದಿಗೆ ಪಂದ್ಯಾವಳಿ ಮತ್ತೆ ಆರಂಭವಾದಾಗ ಅದರಲ್ಲಿ ಬಳ್ಳಾರಿಯ ಹೆಸರಿರಲಿಲ್ಲ. ಪೇಟೆಯಲ್ಲಿ ಪತ್ತು ಕಳೆದುಕೊಂಡ ಅಂಗಡಿ ಮತ್ತೆ ಬಾಗಿಲು ತೆರೆಯುವುದು ಎಷ್ಟು ಕಷ್ಟ ಎಂಬುದನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ.

2025ರಲ್ಲಿ ಇನ್ನೆರಡು ಪಾಠಗಳು ದೊರೆತವು. ಜೂನ್ 3ರಂದು ಬೆಂಗಳೂರಿನ ತಂಡ ಹದಿನೆಂಟನೆಯ ಪ್ರಯತ್ನದಲ್ಲಿ ಐಪಿಎಲ್ ಗೆದ್ದಿತು; ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿಯ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಅಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ನವಿ ಮುಂಬೈಗೆ ಹೋದವು. ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು. ಆಗಸ್ಟ್‌ನಲ್ಲಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರ ಕಾಯಿದೆ ಬಂದೊಡನೆ ಭಾರತ ತಂಡದ ಅಂಗಿಯ ಮೇಲಿನ ಪ್ರಾಯೋಜಕರ ಹೆಸರೇ ಬದಲಾಯಿತು. ಜನಪ್ರಿಯತೆಯೊಂದನ್ನೇ ನಂಬಿದ ಪೇಟೆ ಒಂದು ದಿನದಲ್ಲಿ ಏರುವಂತೆಯೇ ಒಂದು ದಿನದಲ್ಲಿ ಕುಸಿಯಲೂಬಲ್ಲದು. ಮೀಸಲು ನಿಧಿ ಇದ್ದವನು ಮಾತ್ರ ಅಂಥ ದಿನ ನಿಲ್ಲುತ್ತಾನೆ; ಕ್ರಿಕೆಟ್‌ಗೆ ಆ ಮೀಸಲು ನಿಧಿಯೆಂದರೆ ಪೂರ್ಣ ಕಲಿತ ಆಟಗಾರರು.

ಆಕ್ಷೇಪಗಳು

ಇದಕ್ಕೆ ಎದುರು ಮಾತುಗಳಿವೆ, ಅವು ತೂಕದವೇ. ವರ್ತಕ ಹಣ ಕೊಡುವುದು ಹತ್ತು ಜನ ನೋಡುವ ಕಡೆ. ಎರಡು ದಿನಗಳ ಪಂದ್ಯಕ್ಕೆ ನೋಡುಗರಿಲ್ಲ, ಅಲ್ಲಿ ಕಟ್ಟಿದ ಫಲಕಕ್ಕೆ ಬೆಲೆಯಿಲ್ಲ. ಹೊಲಗೆಲಸ, ಅಂಗಡಿ ಕೆಲಸ ಬಿಟ್ಟು ದಿನವಿಡೀ ಆಡುವ ಬಿಡುವು ಯುವಕರಿಗಿಲ್ಲ. ಟೆಸ್ಟ್ ಆಟಗಾರರನ್ನು ತುಂಬಿಕೊಂಡು 2008ರ ಐಪಿಎಲ್‌ಗೆ ಇಳಿದ ಬೆಂಗಳೂರಿನ ತಂಡ ಎಂಟರಲ್ಲಿ ಏಳನೆಯ ಸ್ಥಾನ ಪಡೆದುದನ್ನೂ ಕೆಲವರು ನೆನಪಿಸುತ್ತಾರೆ.

ಕೊನೆಯ ಮಾತು ನಿಜ. ಪ್ರತಿಯೊಂದು ಮಾದರಿಗೂ ಅದರದೇ ಕೌಶಲವಿದೆ; ಸಗಟು ವ್ಯಾಪಾರ ಬಲ್ಲವನಿಗೆ ಚಿಲ್ಲರೆ ವ್ಯಾಪಾರ ತಾನಾಗಿ ಬರುವುದಿಲ್ಲ. ಆದ್ದರಿಂದಲೇ ಊರ ಪಂದ್ಯಾವಳಿಗಳನ್ನು ನಿಲ್ಲಿಸಬೇಕೆಂದು ಯಾರೂ ಹೇಳಬಾರದು. ಅವು ಊರಿನ ಹಬ್ಬ. ದುಡಿಯುವ ಯುವಕರಿಗೆ ದಕ್ಕುವ ಆಟ ಅದೇ. ದೀರ್ಘ ಆಟ ಬೇಕಾಗಿರುವುದು ಹದಿಮೂರರಿಂದ ಹದಿನೇಳು ವರ್ಷದ ಶಾಲಾ ಮಕ್ಕಳಿಗೆ. ಅವರಿಗೆ ದಸರಾ ಮತ್ತು ಬೇಸಿಗೆಯ ರಜೆಗಳಿವೆ. ಫಲಕದ ಮಾತಿಗೆ ಹೇಳಬೇಕಾದುದು ಇಷ್ಟೆ: ಒಂದು ಭಾನುವಾರ ಹೊಡೆದ ಸಿಕ್ಸರ್‌ಗೆ ಕೊಟ್ಟ ಬಹುಮಾನ ಮುಂದಿನ ಭಾನುವಾರ ಮರೆತುಹೋಗುತ್ತದೆ, ಊರಿನ ಹುಡುಗನೊಬ್ಬ ರಾಜ್ಯ ತಂಡಕ್ಕೆ ಹೋದರೆ ಅವನಿಗೆ ಮೊದಲ ಬ್ಯಾಟು ಕೊಡಿಸಿದ ಅಂಗಡಿಯ ಹೆಸರು ಒಂದು ತಲೆಮಾರು ಉಳಿಯುತ್ತದೆ.

ಆಗಬೇಕಾದುದು

ಮೊದಲನೆಯದಾಗಿ, ಐದು ತಾಲ್ಲೂಕುಗಳ ವರ್ತಕರು ಪಂದ್ಯಾವಳಿಗಳಿಗೆ ಕೊಡುವ ಹಣದಲ್ಲಿ ಹತ್ತರಲ್ಲಿ ಒಂದು ಪಾಲನ್ನು ಬೇರೆ ತೆಗೆದಿಡುವ ಒಡಂಬಡಿಕೆ ಮಾಡಿಕೊಳ್ಳಬಹುದು. ಬಹುಮಾನದ ಮೊತ್ತ ಅಷ್ಟು ಇಳಿದ ಮಾತ್ರಕ್ಕೆ ಆಡುವವರು ಬರದೆ ಇರುವುದಿಲ್ಲ. ಎರಡನೆಯದಾಗಿ, ಆ ಹಣದಿಂದ ತಾಲ್ಲೂಕಿಗೆ ಒಂದರಂತೆ ಸಿಮೆಂಟ್ ಅಂಕಣ ಮತ್ತು ಅದರ ಮೇಲೆ ಹಾಸುವ ಮ್ಯಾಟ್, ಪ್ಯಾಡು, ಹೆಲ್ಮೆಟ್, ತೊಗಲು ಚೆಂಡುಗಳನ್ನು ಪ್ರೌಢಶಾಲೆಯೊಂದರಲ್ಲಿ ಇರಿಸಬಹುದು. ಒಮ್ಮೆ ಮಾಡಿದ ಈ ವೆಚ್ಚ ಹಲವು ವರ್ಷ ಬಾಳುತ್ತದೆ. ಯಂತ್ರಕ್ಕೆ ಸವಕಳಿ ಲೆಕ್ಕ ಹಾಕುವಂತೆ ಇದಕ್ಕೂ ವರ್ಷವರ್ಷ ಸ್ವಲ್ಪ ಹಣ ತೆಗೆದಿಟ್ಟರೆ ಸಾಕು. ಮೂರನೆಯದಾಗಿ, ರಜೆಯಲ್ಲಿ ತಾಲ್ಲೂಕು ತಂಡಗಳ ನಡುವೆ ಎರಡು ದಿನಗಳ ಪಂದ್ಯಗಳು ನಡೆಯಲಿ. ಶತಕಕ್ಕಿಂತ ಮೊದಲು, ಒಂದು ಪೂರ್ಣ ಅವಧಿ ಔಟಾಗದೆ ನಿಂತ ಹುಡುಗನಿಗೆ ಬಹುಮಾನವಿರಲಿ. ಹೆಣ್ಣುಮಕ್ಕಳ ತಂಡಗಳಿಗೂ ಇದರಲ್ಲಿ ಸಮಪಾಲು ಇರಬೇಕು. ನಾಲ್ಕನೆಯದಾಗಿ, ಸಂಗ್ರಹವಾದ ಹಾಗೂ ಖರ್ಚಾದ ಪ್ರತಿ ರೂಪಾಯಿಯ ಲೆಕ್ಕ ವರ್ಷಕ್ಕೊಮ್ಮೆ ಸಭೆಯ ಮುಂದೆ ಬರಬೇಕು. ಕ್ರಿಕೆಟ್ ಪತ್ತು ಕಳೆದುಕೊಂಡದ್ದು ಲೆಕ್ಕ ಕೇಳುವವರಿಲ್ಲದ ಕಡೆಗಳಲ್ಲಿಯೇ.

ಮಂಡಳಿಯ ಮಟ್ಟದಲ್ಲಿ ಆಗಬೇಕಾದ ಕೆಲಸವೂ ಇದೇ ಜಾಡಿನದು. ರಣಜಿಯ ದಿನಗೂಲಿ ಐಪಿಎಲ್‌ನ ಕನಿಷ್ಠ ಬೆಲೆಗೆ ಹೋಲಿಸಬಹುದಾದಷ್ಟಾದರೂ ಏರಬೇಕು. ಐವತ್ತು ಓವರುಗಳ ಆಟವನ್ನು ಅರ್ಥವಿಲ್ಲದ ಸರಣಿಗಳಲ್ಲಿ ಸವೆಸದೆ ವಿಶ್ವಕಪ್ ಮತ್ತು ದೇಶಿ ಪಂದ್ಯಾವಳಿಗಳಿಗಾಗಿ ಕಾಪಿಡಬೇಕು. 2019ರಲ್ಲಿ ಆರಂಭವಾದ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್‌ನ ಮೊದಲ ಮೂರು ಆವೃತ್ತಿಗಳನ್ನು ನ್ಯೂಜಿಲೆಂಡ್, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ ಗೆದ್ದಿವೆ. ಪೇಟೆಯಲ್ಲಿ ಅತಿ ದೊಡ್ಡವನಾದ ಭಾರತ ಎರಡು ಬಾರಿ ಅಂತಿಮ ಪಂದ್ಯದಲ್ಲಿ ಸೋತಿದೆ. ಹಣ ಎಲ್ಲಿದೆಯೋ ಅಲ್ಲಿಯೇ ಗೆಲುವೂ ಇರುತ್ತದೆ ಎಂಬ ನಂಬಿಕೆಗೆ ಈ ಪಟ್ಟಿ ತಕ್ಕ ಉತ್ತರ ನೀಡಿದೆ.

ಮೂರು ಮಾದರಿಗಳೂ ಉಳಿಯಬಲ್ಲವು. ಕಿರು ಆಟ ಗಳಿಸಲಿ, ದೀರ್ಘ ಆಟ ಬೆಳೆಸಲಿ, ನಡುವಿನದು ಎರಡನ್ನೂ ಬೆಸೆಯಲಿ. ಗಳಿಸಿದ್ದರಲ್ಲಿ ಒಂದು ಪಾಲು ಬೆಳೆಸುವುದಕ್ಕೆ ಮರಳಬೇಕೆಂಬ ನಿಯಮ ಮಾತ್ರ ತಪ್ಪಬಾರದು. ಶೇಂಗಾ ಬೆಳೆಯುವ ಈ ಸೀಮೆಯ ರೈತ ಎಂಥ ಬರಗಾಲದಲ್ಲಿಯೂ ಬಿತ್ತನೆಯ ಬೀಜವನ್ನು ಗಾಣಕ್ಕೆ ಹಾಕುವುದಿಲ್ಲ. ಆ ರೈತನ ಸರಕಿನಿಂದಲೇ ಅಂಗಡಿ ನಡೆಸುವ ವರ್ತಕ ವರ್ಗ, ಬರುವ ಸುಗ್ಗಿಯ ಪಂದ್ಯಾವಳಿಗೆ ವಂತಿಗೆಯ ರಸೀದಿ ಹರಿಯುವಾಗ, ಬೀಜದ ಪಾಲನ್ನು ಮೊದಲು ತೆಗೆದಿಟ್ಟು ಉಳಿದುದನ್ನು ಹಬ್ಬಕ್ಕೆ ಕೊಡುವುದು ಉಚಿತ.